ಜ್ಞಾನಸ್ನಾನ ಸಿಗದೆ ಹೋದ ಪಾಪುವಿನ ಅಪ್ಪನಿಗೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಪಾಪು ಈಗ ಎಲ್ಲಿದ್ದಾಳೆ?" ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಕೂತು ಓದಿದೆ. ಅದನ್ನೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಪಾಪುವನ್ನು ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನಕ್ಕೆ ಭಾನುವಾರ ಗೊತ್ತು ಮಾಡಿದ್ದಿರಿ. ಬಿಳಿ ಬಟ್ಟೆಯೂ ಹೊಲಿಸಿ ಆಗಿತ್ತು. ಗುರುವಾರವೇ ಅವಳು ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ದಿನವೇ ನಿಮ್ಮ ಸೋದರತ್ತೆ, "ಜನ್ಮಪಾಪ ತೊಳೆಯದೆ ಹೋಯ್ತಲ್ಲ ಕೂಸು, ಲಿಂಬೋಗೇ ಹೋಗೋದು" ಅಂದರಂತೆ. ಅವರ ಮೇಲೆ ಸಿಟ್ಟಾಗಬೇಡ. ಚಿಕ್ಕಂದಿನಲ್ಲಿ ಅವರಿಗೆ ಹೇಳಿಕೊಟ್ಟಿದ್ದೇ ಅದು. ಆದರೆ ಲಿಂಬೋ, ಅಂದರೆ ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳು ಸ್ವರ್ಗದ ಹೊರಗೇ ಉಳಿಯುವ ಜಾಗ, ಇದೆ ಅಂತ ನಂಬಲೇಬೇಕು ಎಂದು ನಮ್ಮ ಕಥೋಲಿಕ ಸಭೆ ಯಾವತ್ತೂ ವಿಧಿಸಿದ್ದಿಲ್ಲ.

ಇದರ ಬೇರು, ಬಿಷಪ್ಪರೂ ದೊಡ್ಡ ದೇವಶಾಸ್ತ್ರಜ್ಞರೂ ಆಗಿದ್ದ ಸಂತ ಅಗಸ್ಟೀನರ ಕಾಲದ್ದು. ಮಕ್ಕಳು ಮೊದಲ ಮನುಷ್ಯ ಆದಾಮನ ಪಾಪ (ಜನ್ಮಪಾಪ ಅನ್ನುವುದು ಇದನ್ನೇ) ಹೊತ್ತು ಹುಟ್ಟುವುದಿಲ್ಲ ಅಂತ ಆ ಕಾಲದ ಸನ್ಯಾಸಿ ಪೆಲಾಗಿಯಸ್ ಕಡೆಯವರು ವಾದಿಸಿದರು. ಹಾಗಾದರೆ ಎಳೆಮಕ್ಕಳಿಗೆ ಜ್ಞಾನಸ್ನಾನ ಯಾಕೆ ಕೊಡುತ್ತೇವೆ ಅಂತ ಅಗಸ್ಟೀನರು ತಿರುಗಿ ಕೇಳಿದರು. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್ಪರು ಅವರ ಪರವೇ ನಿಂತರು. ಜ್ಞಾನಸ್ನಾನವಿಲ್ಲದ ಮಗುವಿಗೂ ದಂಡನೆ ಇದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಅನ್ನುವಲ್ಲಿಗೆ ಅಗಸ್ಟೀನರ ವಾದ ಮುಟ್ಟಿತು. ಅವರಿಗೂ ಇದು ಸುಲಭವಾಗಿರಲಿಲ್ಲ ಗೆಳೆಯಾ. 415ರಲ್ಲಿ ಬೈಬಲ್ ವಿದ್ವಾಂಸ ಜೆರೋಮರಿಗೆ ಬರೆದ ಪತ್ರದಲ್ಲಿ, ಮಕ್ಕಳ ವಿಷಯ ಬಂದಾಗ ಏನು ಉತ್ತರ ಹೇಳಬೇಕೋ ತಿಳಿಯದೆ ಒದ್ದಾಡುತ್ತೇನೆ ಅಂತ ಒಪ್ಪಿಕೊಂಡಿದ್ದಾರೆ. ಬೈಬಲಿನಲ್ಲಿ ಪ್ರೇಷಿತ ಪೌಲ ರೋಮಾಪುರದವರಿಗೆ ಬರೆದ ಪತ್ರವಿದೆ. ಅದರಲ್ಲಿ ಆದಾಮನ ಬಗ್ಗೆ ಅಗಸ್ಟೀನರ ಲ್ಯಾಟಿನ್ ಬೈಬಲ್ "ಅವನಲ್ಲಿ ಎಲ್ಲರೂ ಪಾಪಮಾಡಿದರು" ಅನ್ನುತ್ತಿತ್ತು. ಗ್ರೀಕ್ ಮೂಲವನ್ನು "ಎಲ್ಲರೂ ಪಾಪಮಾಡಿದ್ದರಿಂದ" ಅಂತ ಓದುವವರೇ ಜಾಸ್ತಿ. ಗ್ರೀಕ್‌ನಲ್ಲೇ ಓದಿಕೊಂಡು ಬಂದ ಆರ್ಥಡಾಕ್ಸ್ ಸಭೆಗಳು, ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧವೇ ನಮ್ಮ ತಲೆಗೆ ಬರಲಿಲ್ಲ ಅನ್ನುತ್ತವೆ. ನನ್ನ ಮನಸ್ಸು ಒಪ್ಪುವುದು ಇದನ್ನೇ.

ಅಗಸ್ಟೀನರ ಮಾತು ತೀರಾ ಕಠಿಣ ಅನ್ನಿಸಿಯೇ ನೂರಾರು ವರ್ಷಗಳ ನಂತರ ಲಿಂಬೋ ಬಂತು. ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ. ಹೆತ್ತವರಿಗೆ ಅದು ಸಾಕಾಗಲಿಲ್ಲ. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್ ಅನ್ನುವ ಊರಲ್ಲಿ ಮಾತೆ ಮರಿಯಮ್ಮನ ಒಂದು ಗುಡಿ ಇತ್ತು. ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಕೂಸುಗಳನ್ನು ಎತ್ತಿಕೊಂಡು ಜನ ಅಲ್ಲಿಗೆ ಬರುತ್ತಿದ್ದರು. ಕೆಂಡ, ಮೇಣದಬತ್ತಿಗಳ ನಡುವೆ ಮಗುವನ್ನು ಬೆಚ್ಚಗೆ ಮಾಡಿ ತುಟಿಯ ಮೇಲೆ ಒಂದು ಗರಿ ಇಡುತ್ತಿದ್ದರು. ಗರಿ ಅಲುಗಿತೋ, ಉಸಿರು ಬಂತು ಅಂತ ಆ ಕ್ಷಣವೇ ಜ್ಞಾನಸ್ನಾನ. ಆಮೇಲೆ ಅಲ್ಲೇ ಮಣ್ಣು. ನಮ್ಮ ಕಾಲದಲ್ಲಿ ಅಗೆದವರಿಗೆ ಸುಮಾರು 250 ಎಳೆಮಕ್ಕಳ ಮೂಳೆಗಳು ಸಿಕ್ಕಿವೆ. ಒಂದು ಗರಿಯನ್ನು ದಿಟ್ಟಿಸಿಕೊಂಡು ಕೂತ ಆ ಅಪ್ಪಂದಿರನ್ನು ನೆನೆದಾಗಲೆಲ್ಲ ನನಗೆ ನೀನೇ ಕಾಣುತ್ತೀಯ.

"ತುರ್ತಿದ್ದಾಗ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಂತೆ, ನನಗೆ ಗೊತ್ತೇ ಇರಲಿಲ್ಲ" ಅಂತ ನೀನು ಅಳುತ್ತಿದ್ದೆಯಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಈಗ ಸಭೆ ಹೇಳುವುದನ್ನು ಕೇಳು. ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ಸಂಸ್ಕಾರಗಳು ಅವನನ್ನು ಕಟ್ಟಿಹಾಕಿಲ್ಲ ಅಂತ 1992ರ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿ ಅನ್ನುತ್ತದೆ. 2007ರಲ್ಲಿ, ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ, ವ್ಯಾಟಿಕನ್ನಿನ ದೇವಶಾಸ್ತ್ರಜ್ಞರ ಆಯೋಗ ಇದೇ ವಿಷಯದ ಮೇಲೆ ಒಂದು ದೊಡ್ಡ ದಾಖಲೆಯನ್ನೇ ಹೊರತಂದಿತು. ಈ ಮಕ್ಕಳು ರಕ್ಷಣೆ ಹೊಂದುತ್ತಾರೆ ಅಂತ ನಂಬಿ ಕಾಯಲು ಬಲವಾದ ಕಾರಣಗಳಿವೆ ಅಂತ ಅವರು ಬರೆದರು. ಖಚಿತ ಜ್ಞಾನ ಅನ್ನಲಿಲ್ಲ, ಭರವಸೆ ಅಂದರು. ನನಗೆ ಅಷ್ಟು ಸಾಕು.

ನಿನ್ನ ಹೆಂಡತಿಯ ತವರು ಸಿ.ಎಸ್.ಐ. (ಪ್ರೊಟೆಸ್ಟಂಟ್ ಸಭೆ) ಅಲ್ವಾ? ಅವಳಿಗೆ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರರ ಮಾತು ಹೇಳು. ಮಗು ಕಳೆದುಕೊಂಡ ತಾಯಂದಿರಿಗಾಗಿ 1542ರಲ್ಲಿ ಅವರು ಬರೆದದ್ದಿದೆ. ತಾಯಿಯ ನಿಟ್ಟುಸಿರನ್ನೇ ದೇವರು ಪ್ರಾರ್ಥನೆಯಾಗಿ ಕೇಳಿಸಿಕೊಳ್ಳುತ್ತಾನೆ ಅನ್ನುತ್ತಾರೆ.

ಇನ್ನು ಬೈಬಲಿನ ರಾಜ ದಾವೀದ. ಬತ್ಷೆಬೆಗೆ ಹುಟ್ಟಿದ ಅವನ ಕೂಸು ಏಳನೆಯ ದಿನ ಸತ್ತಿತು. ಅದು ಹುಟ್ಟಿದ ಏಳನೆಯ ದಿನ ಅಂತ ಓದುವವರಿದ್ದಾರೆ. ಹಾಗಿದ್ದರೆ ಮಗುವನ್ನು ದೇವರ ಜನಕ್ಕೆ ಸೇರಿಸುವ ಎಂಟನೆಯ ದಿನದ ಸುನ್ನತಿಯೂ ಆಗಿರಲಿಲ್ಲ, ಹೆಸರೂ ಇಟ್ಟಂತಿಲ್ಲ. ದಾವೀದ ಎದ್ದು, ಮುಖ ತೊಳೆದು, ಊಟ ಮಾಡಿ ಹೇಳಿದ್ದು ಇಷ್ಟೇ: ನಾನು ಅವನ ಬಳಿಗೆ ಹೋಗುತ್ತೇನೆ, ಅವನು ನನ್ನ ಬಳಿಗೆ ಬರುವುದಿಲ್ಲ. ನೀನೂ ಊಟ ಮಾಡು.

ಇನ್ನೊಂದು ಮಾತು. ಜ್ಞಾನಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದ ಮಗುವಿಗೆ ಅಂತ್ಯಸಂಸ್ಕಾರದ ಪೂಜೆ ನಡೆಸಲು ಬಿಷಪ್ಪರು ಒಪ್ಪಿಗೆ ಕೊಡಬಹುದು ಅಂತ ಸಭೆಯ ಕಾನೂನಿನಲ್ಲೇ ಇದೆ. ಸುಮ್ನೆ ಗೇಟಿನ ಪಕ್ಕ ಹೂತು ಬಂದೆವು ಅಂದೆಯಲ್ಲ, ಅವಳಿಗಾಗಿ ಈಗಲೂ ಪೂಜೆ ಹೇಳಿಸಬಹುದು. ಶನಿವಾರ ಬರುತ್ತೇನೆ, ಇಬ್ಬರೂ ಫಾದರ್ ಹತ್ತಿರ ಹೋಗೋಣ. ಇಡಬೇಕೆಂದುಕೊಂಡಿದ್ದ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿರು.

ನಿನ್ನ ಗೆಳೆಯ