ಅಪ್ಪ-ಅಮ್ಮನ ಪಿಂಚಣಿ: ನವೆಂಬರ್ ಕೆಲಸ ಮರೀಬೇಡಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಅಪ್ಪ-ಅಮ್ಮನನ್ನು ಹಿರಿಯರ ಆರೈಕೆ ಮನೆಗೆ ಸೇರಿಸಿರುವವರು ದಯವಿಟ್ಟು ಓದಿ.

ಅಲ್ಲಿಗೆ ಸೇರಿದ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ಲೈಫ್ ಸರ್ಟಿಫಿಕೇಟ್ (ಪಿಂಚಣಿದಾರರು ಬದುಕಿದ್ದಾರೆ ಎನ್ನುವ ಪ್ರಮಾಣಪತ್ರ) ಕೊಡದಿದ್ದರೆ ನಿಲ್ಲುತ್ತದೆ. ಕೇಂದ್ರ ಸರ್ಕಾರದ ಪಿಂಚಣಿಯವರು ನವೆಂಬರ್‌ನಲ್ಲಿ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇಪಿಎಫ್ (ಕಂಪನಿ ನೌಕರರ ಪಿಎಫ್) ಪಿಂಚಣಿಯಾದರೆ ಯಾವ ತಿಂಗಳಾದರೂ ಸರಿ, 12 ತಿಂಗಳು ನಡೆಯುತ್ತದೆ.

ಹೋದ ವರ್ಷ ನಮ್ಮಮ್ಮನದು ತಪ್ಪಿಹೋಯಿತು. ಬ್ಯಾಂಕಿನ ಮೆಸೇಜೆಲ್ಲ ಹೋಗುತ್ತಿದ್ದದ್ದು ಹಳೇ ಫೋನಿಗೆ. ಅದೋ ಧಾರವಾಡದ ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಚಾರ್ಜ್ ಇಲ್ಲದೆ ಮಲಗಿತ್ತು! ಆಮೇಲೆ ನೋಡಿದರೆ ಅಮ್ಮನ ಬೆರಳಿನ ಗೆರೆ ಸವೆದಿದೆ, ಯಂತ್ರ ಹಿಡಿಯಲೇ ಇಲ್ಲ. ಕೊನೆಗೆ ಕಿಟಕಿ ಪಕ್ಕ ಕೂರಿಸಿ, ಕನ್ನಡಕ ತೆಗೆಸಿ, ಲೈಫ್ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದೆವು. ಆಯಿತು. ಜೊತೆಗೆ ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಆ್ಯಪ್ ಕೂಡ ಇರಬೇಕು. ಇದೂ ಆಗದಿದ್ದರೆ ಅಂಚೆ ಕಚೇರಿಗೆ ಹೇಳಿ. 70 ರೂಪಾಯಿಗೆ ಪೋಸ್ಟ್‌ಮ್ಯಾನ್ ಇದ್ದಲ್ಲಿಗೇ ಬಂದು ಮಾಡಿಕೊಡುತ್ತಾರೆ.

70 ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿಡಿ. ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಆರೈಕೆ ಮನೆಯ ತಿಂಗಳ ಫೀಸು ಅದರಲ್ಲಿ ಬರಲ್ಲ, ಸುಮ್ನೆ ಆಸೆ ಬೇಡ.

ಭಾನುವಾರ ನಾನು ಕೋಥ್ರೂಡ್, ವಾರ್ಜೆ ಕಡೆ ಬರುತ್ತೇನೆ. ಸಹಾಯ ಬೇಕಾದವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ. ಆಧಾರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಲಿ. ಬರೀ ಹೆಸರು ಸಾಕು, ಆಧಾರ್ ಫೋಟೋ ಮಾತ್ರ ಗುಂಪಿನಲ್ಲಿ ಹಾಕಬೇಡಿ.