ಬೃಹತ್ ಕೈಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ: ಸಬ್ಸಿಡಿಗೆ ಗಡುವು ಬಂತು, ಸೆಲ್ ಎಲ್ಲಿ?

ಮಾನ್ಯ ಎಚ್.ಡಿ. ಕುಮಾರಸ್ವಾಮಿಯವರಿಗೆ, ನಮಸ್ಕಾರಗಳು.

ಎಲೆಕ್ಟ್ರಿಕ್ ಸ್ಕೂಟರಿಗೆ ಇನ್ನಷ್ಟು ಸಬ್ಸಿಡಿ ಕೊಡಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಸಬ್ಸಿಡಿ ಎಂದಾದರೂ ನಿಲ್ಲಲೇಬೇಕು. ಅದನ್ನು ಯಾವಾಗ ನಿಲ್ಲಿಸಬೇಕೆಂದು ನಿಮ್ಮ ಸಚಿವಾಲಯ ಗೊತ್ತು ಮಾಡುವ ರೀತಿಯ ಬಗ್ಗೆ ನನ್ನ ತಕರಾರು.

ಮೂರು ಕಿಲೋವ್ಯಾಟ್-ಅವರ್ ಬ್ಯಾಟರಿಯ ಸ್ಕೂಟರ್ ಒಂದನ್ನೇ ತೆಗೆದುಕೊಳ್ಳಿ. 2021ರ ಜೂನ್‌ನಲ್ಲಿ ಕೇಂದ್ರದ ಎಲೆಕ್ಟ್ರಿಕ್ ವಾಹನ ಸಬ್ಸಿಡಿ ಯೋಜನೆ ಫೇಮ್-2ರ ದರ ಏರಿದ ಮೇಲೆ ಅದಕ್ಕೆ 45 ಸಾವಿರ ರೂಪಾಯಿವರೆಗೂ ಸಿಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಪಿಎಂ ಇ-ಡ್ರೈವ್ ಎಂಬ ಹೊಸ ಯೋಜನೆ ಬಂದಾಗ 10 ಸಾವಿರ, ಮುಂದಿನ ಏಪ್ರಿಲ್‌ಗೆ 5 ಸಾವಿರ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2028ರವರೆಗೆ ವಿಸ್ತರಿಸಿದಾಗಲೂ ದ್ವಿಚಕ್ರ ವಾಹನಗಳಿಗೆ 2026ರ ಮಾರ್ಚ್ 31ರ ಗಡುವನ್ನೇ ಉಳಿಸಿದಿರಿ.

ಇಳಿಸಿದ್ದು ತಪ್ಪಲ್ಲ, ಇಳಿಸಿದ ಬಗೆ ನೋಡಿ. 2023ರ ಮೇ ಮೂರನೇ ವಾರ ಫೇಮ್-2 ದರ ಇಳಿಸುವ ಅಧಿಸೂಚನೆ, ಜೂನ್ 1ರಿಂದಲೇ ಜಾರಿ. (ಆಗ ಖಾತೆ ನಿಮ್ಮದಾಗಿರಲಿಲ್ಲ, ಗೊತ್ತು.) ಮೇ ತಿಂಗಳಲ್ಲಿ ಜನ ಮುಗಿಬಿದ್ದು ಕೊಂಡರು, ನೋಂದಣಿ ಲಕ್ಷ ದಾಟಿತು. ಜೂನ್‌ನಲ್ಲಿ ಅದರ ಅರ್ಧಕ್ಕೂ ಕೆಳಗೆ ಬಿತ್ತು. ಎಲೆಕ್ಟ್ರಿಕ್ ವಾಹನದ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ಕಡಿತ ಕೊಡುತ್ತಿದ್ದ 80ಇಇಬಿ ಸೆಕ್ಷನ್ ಕೂಡ ಅದೇ ವರ್ಷದ ಮಾರ್ಚ್ 31ಕ್ಕೆ ಹೊಸ ಸಾಲಗಳ ಪಾಲಿಗೆ ಮುಗಿದಿತ್ತು. ಹೊಸ ಮಾಡೆಲ್ ಒಂದನ್ನು ವಿನ್ಯಾಸ ಮಾಡಿ, ಪರೀಕ್ಷೆಗೆ ಕೊಟ್ಟು, ಪ್ರಮಾಣಪತ್ರ ಪಡೆದು ರಸ್ತೆಗಿಳಿಸಲು ವರ್ಷಗಳು ಹಿಡಿಯುತ್ತವೆ. ಎರಡು ವಾರದ ನೋಟಿಸಿನಲ್ಲಿ ಬೆಲೆಪಟ್ಟಿ ಬದಲಿಸಬಹುದು, ಇಲ್ಲವೇ ಇದ್ದ ಸ್ಕೂಟರಿಗೇ ಚಿಕ್ಕ ಬ್ಯಾಟರಿ ಹಾಕಬಹುದು.

ಬೆಲೆ ನಿಜವಾಗಿ ಇಳಿಯಬೇಕಾದರೆ ಸೆಲ್ (ಬ್ಯಾಟರಿಯೊಳಗೆ ವಿದ್ಯುತ್ ಹಿಡಿದಿಡುವ ಮೂಲ ಘಟಕ) ಇಲ್ಲೇ ತಯಾರಾಗಬೇಕು. ಅದಕ್ಕೆಂದೇ 2021ರ ಮೇನಲ್ಲಿ 18,100 ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ಕೊಡುವ) ಯೋಜನೆಗೆ ಒಪ್ಪಿಗೆ ಸಿಕ್ಕಿತು. ಗುರಿ 50 ಗಿಗಾವ್ಯಾಟ್-ಅವರ್ ಸೆಲ್ ತಯಾರಿಸುವ ಸಾಮರ್ಥ್ಯ. 2025ರ ಅಕ್ಟೋಬರ್ ಹೊತ್ತಿಗೆ ಅದರಡಿ ಚಾಲೂ ಆದದ್ದು ಎರಡು ಗಿಗಾವ್ಯಾಟ್-ಅವರ್‌ಗೂ ಕಡಿಮೆ. 'ಮೇಡ್ ಇನ್ ಇಂಡಿಯಾ' ಎಂದು ಮಾರುವ ಬ್ಯಾಟರಿ ಪ್ಯಾಕ್ ಬಿಚ್ಚಿದರೆ ಹೊರಕವಚ, ವೈರಿಂಗ್, ಬ್ಯಾಟರಿಯನ್ನು ನಿಯಂತ್ರಿಸುವ ಬಿಎಂಎಸ್ ಬೋರ್ಡ್ ನಮ್ಮದಿರಬಹುದು. ಒಳಗೆ ಸಾಲಾಗಿ ಕೂತ ಸೆಲ್‌ಗಳು ಹೆಚ್ಚಾಗಿ ಚೀನಾದಿಂದ ಬಂದವು. ಪ್ಯಾಕ್ ಇಲ್ಲಿ ಜೋಡಿಸಿದರೆ ಸಾಕು ಎಂದು ಫೇಮ್ ನಿಯಮಗಳೇ ಒಪ್ಪಿದ್ದವು. ಸೆಲ್ ಕಾರ್ಖಾನೆಯ ಯಂತ್ರಗಳೂ ಬಹುಪಾಲು ಚೀನಾದವೇ.

ನಿಮ್ಮದೇ ಮಂಡ್ಯ ಕ್ಷೇತ್ರದ ಮರಳಗಾಲ-ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ (ಸೆಲ್‌ಗೆ ಬೇಕಾದ ಲೋಹ) ಇರಬಹುದೆಂಬ ಪ್ರಾಥಮಿಕ ಅಂದಾಜು ಬಂದಾಗ ಸುದ್ದಿಯೇ ಸುದ್ದಿ. ನೆಲದಡಿಯ ಅದಿರು ಬ್ಯಾಟರಿ ದರ್ಜೆಯ ರಾಸಾಯನಿಕವಾಗಬೇಕು, ಅದು ಕ್ಯಾಥೋಡ್ (ಸೆಲ್‌ನ ಧನ ವಿದ್ಯುದ್ವಾರ) ಆಗಬೇಕು, ಆಮೇಲಷ್ಟೇ ಸೆಲ್. ನಡುವಿನ ಆ ಹಂತಗಳಿಗೆ ಹಣ, ನೀರು, ಪರವಾನಗಿ ಯಾರು ಕೊಡುತ್ತಾರೆ ಎಂಬ ಮಾತು ಮಾತ್ರ ಅಷ್ಟಾಗಿ ಕೇಳಲಿಲ್ಲ.

ಇನ್ನೊಂದು ಲೆಕ್ಕ ನನಗೆ ಸಿಟ್ಟು ತರಿಸುತ್ತದೆ. ಹೊಸ ಎಲೆಕ್ಟ್ರಿಕ್ ವಾಹನಕ್ಕೆ ಜಿಎಸ್‌ಟಿ ಶೇ 5. ಹಳೆಯ ಸ್ಕೂಟರಿಗೆ ಬದಲಿ ಬ್ಯಾಟರಿ ಕೊಂಡರೆ ಶೇ 18. ಬ್ಯಾಟರಿ ಬೆಲೆ 60 ಸಾವಿರ ಎಂದುಕೊಳ್ಳಿ, ತೆರಿಗೆ 10,800 ರೂಪಾಯಿ. ಕೊಳ್ಳುವಾಗ ಕೊಟ್ಟ 5 ಸಾವಿರ ಸಬ್ಸಿಡಿಯ ಎರಡರಷ್ಟಕ್ಕಿಂತ ಹೆಚ್ಚನ್ನು ಸರ್ಕಾರ ವಾಪಸ್ ಕಿತ್ತುಕೊಂಡಂತಾಯಿತು. ಗಾಡಿಯನ್ನು ಗುಜರಿಗೆ ಹಾಕದೆ ಜೋಪಾನವಾಗಿ ಓಡಿಸುವವನಿಗೆ ಇದು ದಂಡವಲ್ಲದೆ ಮತ್ತೇನು? ಜಿಎಸ್‌ಟಿ ಮಂಡಳಿ ನಿಮ್ಮ ಕೈಯಲ್ಲಿಲ್ಲ ನಿಜ, ಆದರೆ ಹಣಕಾಸು ಸಚಿವರ ಮುಂದೆ ಈ ವಾದ ಮಂಡಿಸಬೇಕಾದವರು ನೀವೇ.

ಹಾಗಾಗಿ ನನ್ನ ಕೋರಿಕೆ ಇಷ್ಟು: ಮುಂದೆ ಯಾವ ವಾಹನದ ಸಬ್ಸಿಡಿ ಇಳಿಸುವುದಿದ್ದರೂ ಅದನ್ನು ಕ್ಯಾಲೆಂಡರಿನ ತಾರೀಖಿಗಲ್ಲ, ದೇಶದಲ್ಲಿ ತಯಾರಾದ ಸೆಲ್‌ನ ಪ್ರಮಾಣಕ್ಕೆ ತಳುಕು ಹಾಕಿ. ಇಳಿಕೆಗೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಿ. ಪಿಎಲ್‌ಐ ಪಡೆದ ಪ್ರತಿ ಕಂಪನಿ ಎಷ್ಟು ಸೆಲ್ ತಯಾರಿಸಿತು, ಅದರಲ್ಲಿ ದೇಶೀಯ ಪಾಲೆಷ್ಟು, ತಡ ಮಾಡಿದವರಿಂದ ವಸೂಲಾದ ದಂಡವೆಷ್ಟು ಎಂಬುದನ್ನು ಮೂರು ತಿಂಗಳಿಗೊಮ್ಮೆ ಸಚಿವಾಲಯದ ಜಾಲತಾಣದಲ್ಲಿ ಹಾಕಿಸಿ. ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗಷ್ಟೇ ಈ ಅಂಕಿಗಳು ಹೊರಬೀಳುವುದು ಬೇಡ.

ಇತಿ,
ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವ ಒಬ್ಬ ಕನ್ನಡಿಗ