ಅಜ್ಜಿ ಅತ್ತದ್ದು ಯಾವ ಪಾಠಕ್ಕೆ?

ಚಾಮರಾಜಪೇಟೆ, ಬೆಂಗಳೂರು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಾಸ್ಟೆಲ್ ಊಟ, ಪರೀಕ್ಷೆ ಎಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಿನ್ನ ಕೊನೆಯ ಸಾಲು. ‘ದ್ರೌಪದಿ ಕೃಷ್ಣನನ್ನು ಕೂಗುವ ಭಾಗ ಆಮೇಲೆ ಸೇರಿಸಿದ್ದಂತೆ. ಹಾಗಾದ್ರೆ ಅಜ್ಜಿ ಅಷ್ಟು ವರ್ಷ ಸುಳ್ಳಿಗೆ ಅತ್ತರಾ ದೊಡ್ಡಮ್ಮ?’ ರಾತ್ರಿ ನಿದ್ದೆ ಹತ್ತಲಿಲ್ಲ ಕಣೇ.

ನೀನು ಓದಿದ್ದು ಸರಿ. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಶುರು ಮಾಡಿ 1966ರಲ್ಲಿ ಮಹಾಭಾರತದ ಪರಿಷ್ಕರಣೆ ಮುಗಿಸಿದರು. 1,259 ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಉತ್ತರದ ಪ್ರತಿಗಳು ಒಂದು ಥರ, ದಕ್ಷಿಣದ್ದು ಇನ್ನೊಂದು ಥರ. ಸಭೆಯಲ್ಲಿ ದ್ರೌಪದಿ ಕೃಷ್ಣನನ್ನು ಬೇಡುವ ಶ್ಲೋಕಗಳು ಅವರ ಮುಖ್ಯ ಪಾಠದಲ್ಲಿ, ಅಂದರೆ ಪ್ರತಿಗಳನ್ನು ಹೋಲಿಸಿ ಅವರು ಒಪ್ಪಿಕೊಂಡ ಬರಹದಲ್ಲಿ, ಇಲ್ಲ. ಸೀರೆ ಇದೆ. ಎಳೆದಷ್ಟೂ ಬರುತ್ತದೆ. ಯಾರು ಕೊಟ್ಟರು ಅಂತ ಅಲ್ಲಿ ಹೇಳಿಲ್ಲ. ತೆಗೆದ ಶ್ಲೋಕಗಳನ್ನು ಅವರು ಬಿಸಾಡಲಿಲ್ಲ, ಪುಟದ ಕೆಳಗೆ, ಅನುಬಂಧದಲ್ಲಿ ಅಚ್ಚು ಹಾಕಿಟ್ಟರು. ಆ ಗೌರವ ನನಗೆ ಬಹಳ ಹಿಡಿಸಿತು.

‘ಸೇರಿಸಿದ್ದು’ ಅಂದ ಕೂಡಲೇ ಯಾರೋ ಮೋಸ ಮಾಡಿದರು ಅನ್ನಿಸುತ್ತದೆ, ಅಲ್ವಾ? ನಮ್ಮಮ್ಮನ, ಅಂದರೆ ನಿನ್ನ ಅಜ್ಜಿಯ, ಹಾಡಿನ ಪುಸ್ತಕ ನೋಡಿದ್ದೀಯಲ್ಲ, ಅರಿಶಿನದ ಕಲೆ ಆಗಿರುವ ರೂಲ್ ಬುಕ್ಕು. ಲಕ್ಷ್ಮಿ ಹಾಡಿನ ಪಕ್ಕ ಅರ್ಥ ತಿಳಿಯಲಿ ಅಂತ ಅಮ್ಮ ಪೆನ್ಸಿಲಿನಲ್ಲಿ ಅರ್ಧ ಸಾಲು ಗೀಚಿಕೊಂಡಿದ್ದಳು. ನಿನ್ನ ಚಿಕ್ಕಜ್ಜಿ ಅದನ್ನು ನೋಡಿ ಇಳಿಸಿಕೊಳ್ಳುವಾಗ ಆ ಅರ್ಧ ಸಾಲೂ ಹಾಡಿನೊಳಗೆ ಬಂದುಬಿಟ್ಟಿತು. ಅವರ ಮನೆಯಲ್ಲಿ ಈಗಲೂ ಅದನ್ನು ರಾಗಕ್ಕೆ ಎಳೆದು ಹಾಡುತ್ತಾರೆ. ಆರತಿ ತಟ್ಟೆ ಹಿಡಿದು ಅಷ್ಟು ಭಕ್ತಿಯಿಂದ ಹಾಡುವಾಗ ಅದರಲ್ಲಿ ಸುಳ್ಳು ಎಲ್ಲಿದೆ ಪುಟ್ಟೀ? ಓಲೆಗರಿಗಳಲ್ಲೂ ಎಷ್ಟೋ ಕಡೆ ಆಗಿರುವುದು ಇದೇ.

ಕೆಲವರು ಬೇಕೆಂದೇ ಬದಲಿಸಿದರು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಅಂತ ಕಂಡವನು ಅವನು. ಅಜ್ಜಿ ಅತ್ತದ್ದು ಕುಮಾರವ್ಯಾಸನಿಗೆ. ತಾನು ಹೇಳುವುದು ಕೃಷ್ಣನ ಕಥೆ ಅಂತ ಅವನು ಶುರುವಿನಲ್ಲೇ ಹೇಳಿಬಿಡುತ್ತಾನೆ. ಅವನ ದ್ರೌಪದಿ ಕೃಷ್ಣನನ್ನು ಕೂಗದೆ ಇನ್ನು ಯಾರನ್ನು ಕೂಗಬೇಕು?

ಅಕ್ಷರ ಅಲುಗದ ಹಾಗೆ ಕಾಯಬೇಕು ಅಂದುಕೊಂಡದ್ದನ್ನು ನಮ್ಮವರು ಕಾದರು. ವೇದಕ್ಕೆ ಪದ, ಕ್ರಮ, ಜಟೆ, ಘನ ಅಂತ ಹಿಂದೆ ಮುಂದೆ ತಿರುಗಿಸಿ ಬಾಯಿಪಾಠ ಮಾಡಿಸಿದರು. ಅಲ್ಲೂ ಬೇರೆ ಬೇರೆ ಪಾಠದ ಶಾಖೆಗಳಿವೆ ಅನ್ನು. ಭಾರತವನ್ನು ಹಾಗೆ ಕಟ್ಟಿಡಲಿಲ್ಲ, ಊರೂರಲ್ಲಿ ಹೇಳಿಸಿದರು. ನಿನ್ನ ರೂಮಿನ ಹುಡುಗಿಯನ್ನೂ ಕೇಳು. ಕ್ಯಾಥೊಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ತುಂಬ ಹಳೆಯ ಎರಡು ಪ್ರತಿಗಳಲ್ಲಿ ಇಲ್ಲ. ಅವಳ ಮನೆಯಲ್ಲೂ ಅಜ್ಜಿ ಇದ್ದಾರು.

ಒಂದು ಸಂಕಟ ನನಗೆ ಇನ್ನೂ ಇದೆ. ನಮ್ಮ ತಾತನ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿದ್ದವು. ಗೆದ್ದಲು ಹಿಡಿದವು ಅಂತ ಅರಿಶಿನ ಕುಂಕುಮ ಹಾಕಿ, ಕೈಮುಗಿದು, ಹೊಳೆಗೆ ಬಿಟ್ಟರು. ದಡದಲ್ಲಿ ನಾನೂ ಇದ್ದೆ, ಲಂಗ ಎತ್ತಿಕೊಂಡು. ಅದರಲ್ಲಿ ಏನಿತ್ತೋ, ಯಾವ ಪಾಠವೋ. ದೊಡ್ಡವರು ಮಾಡಿದ್ದು ಭಕ್ತಿಯಿಂದಲೇ, ಆದರೂ ಹೊಟ್ಟೆ ಉರಿಯುತ್ತದೆ. ಅಮ್ಮನನ್ನೂ ಏನೂ ಕೇಳಲಿಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕ ಯಾರ ಬಾಯಿಂದ ಕೇಳಿ ಕಲಿತಳು, ಯಾವ ಪದಕ್ಕೆ ಕಣ್ಣೀರು ಬರುತ್ತಿತ್ತು, ಇವತ್ತು ಹೇಳುವವರು ಯಾರೂ ಇಲ್ಲ.

ಮತ್ತೆ ಅದೇ ಪ್ರಶ್ನೆಗೆ ಬರುತ್ತೇನೆ, ಬಿಡಲು ಆಗುತ್ತಿಲ್ಲ. ಅದೇ ಪುಣೆಯ ಪಾಠದಲ್ಲಿ ಉದ್ಯೋಗಪರ್ವ ತೆಗೆದು ನೋಡು. ಸಂಜಯನ ಹತ್ತಿರ ಕೃಷ್ಣ ಹೇಳುತ್ತಾನೆ: ದೂರದಲ್ಲಿದ್ದ ನನ್ನನ್ನು ದ್ರೌಪದಿ ‘ಗೋವಿಂದಾ’ ಅಂತ ಕೂಗಿದಳು, ಆ ಸಾಲ ಬೆಳೆಯುತ್ತಲೇ ಇದೆ, ನನ್ನ ಎದೆಯಿಂದ ಇಳಿಯುತ್ತಿಲ್ಲ. ಸಭೆಯಲ್ಲಿ ತೆಗೆದ ಕೂಗು ಇಲ್ಲಿ ಹಾಗೇ ಉಳಿದಿದೆ! ಇದನ್ನು ಹಿಡಿದು ವಾದ ಗೆಲ್ಲು ಅಂತ ಹೇಳುತ್ತಿಲ್ಲ. ಈ ಸಾಲು ಇಲ್ಲದೇ ಹೋಗಿದ್ದರೂ ಅಮ್ಮನ ಅಳು ಅಮ್ಮನದೇ. ಸಭೆ ತುಂಬ ಗಂಡಸರು ತಲೆತಗ್ಗಿಸಿ ಕೂತಿರುವಾಗ ಒಬ್ಬ ಹೆಂಗಸು ಕೂಗುತ್ತಾಳಲ್ಲ, ಅದಕ್ಕೆ ಅತ್ತಳು ಅಂತ ನನಗೆ ಅನ್ನಿಸುತ್ತದೆ.

ಹೇಳಲೋ ಬೇಡವೋ, ಒಂದೆರಡು ಮಾತು. ತುಂಡು ತುಂಡು ಓದಿ ಹೋಲಿಸಬೇಡ, ಯಾವುದಾದರೂ ಒಂದನ್ನು ಪೂರ್ತಿ ಓದು. ಎಲ್ಲಾದರೂ ಗಮಕ ವಾಚನ ಇದ್ದರೆ ಸುಮ್ನೆ ಹೋಗಿ ಕೂತುಕೋ. ಯಾರಾದರೂ ಹಾಡು ಹೇಳಿಕೊಟ್ಟರೆ ಅವರ ಹೆಸರನ್ನೂ ಮೇಲೆ ಬರೆದಿಟ್ಟುಕೋ. ಇಷ್ಟೇ ನನಗೆ ತೋಚಿದ್ದು, ಜಾಸ್ತಿ ಓದಿದವಳಲ್ಲ ನಾನು.

ರಜೆಗೆ ಬಂದಾಗ ಮೊದಲು ಇಲ್ಲಿಗೆ ಬಾ. ಅಮ್ಮನ ಪುಸ್ತಕ ತೆಗೆದಿಡುತ್ತೇನೆ. ಚಿಕ್ಕಜ್ಜಿಯ ಮನೆಯದನ್ನೂ ತರಿಸಿದ್ದೇನೆ, ಎರಡನ್ನೂ ನೀನೇ ಓದಿ ಹೇಳಬೇಕು. ಪೆನ್ಸಿಲ್ ಅಕ್ಷರ ನನಗೀಗ ಕಾಣುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ